ಹಡಗಿನ ಕೊನೆಯ ಕೋವಿ: ಊರಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಆರ್ಮಿಯಿಂದ ನಿವೃತ್ತಿಯಾಗಿ ಬಂದವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಬೇಕಾದವರ ಮನೆಯಲ್ಲೇ ಅಂಥವರು ಇಬ್ಬರು ಇರುತ್ತಾರೆ. ನೇವಿಯಿಂದ ಬಂದವನ ಕಥೆ ಬೇರೆ. ನಾನು ಹಡಗಿನಲ್ಲಿ ಗನ್ ಕಡೆ ಕೆಲಸ ಮಾಡಿದವನು. ಈಗ ನಾಪೋಕ್ಲು ಹತ್ತಿರ ತೋಟ ನೋಡಿಕೊಂಡಿದ್ದೇನೆ. ಮದುವೆ ಊಟದ ಸಾಲಿನಲ್ಲಿ, ಹುತ್ತರಿಗೆ ಬಂದ ನೆಂಟರ ಮಧ್ಯೆ, ಕಾಫಿ ಮೂಟೆ ಇಳಿಸುವ ಜಾಗದಲ್ಲಿ, ಎಲ್ಲಿ ಹೋದರೂ ಅದೇ ಮಾತು. ಮೊಬೈಲಿನಲ್ಲಿ ಯಾವುದೋ ವಿಡಿಯೊ ತೋರಿಸುತ್ತಾರೆ. ಹಡಗಿನ ಮೂಲೆಯಲ್ಲಿ ಒಂದು ಗನ್ ಬೆಂಕಿ ಕಾರುತ್ತಿರುತ್ತದೆ. "ಇದು ಎಂಥದು ಮಾರಾಯ್ರೆ?" ಹೇಳಿ ಹೇಳಿ ಸಾಕಾಗಿ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದೆಲ್ಲ ಜಗತ್ತಿಗೇ ಗೊತ್ತಿರುವ ಸಂಗತಿ. ಗುಟ್ಟಿನದ್ದು ಯಾರೂ ಕೇಳಬೇಡಿ, ಹೇಳುವುದೂ ಇಲ್ಲ.

ಇದು ಕೋವಿಯೋ ಫಿರಂಗಿಯೋ?

ಎರಡರ ನಡುವಿನದು. ನಮ್ಮ ಮನೆಗಳಲ್ಲಿರುವ 12 ಬೋರಿನ ಕೋವಿಯ ನಳಿಗೆ ಸುಮಾರು 18.5 ಮಿ.ಮೀ. ಅಗಲ. ಹಡಗಿನ ಈ ಗನ್ನುಗಳು 20 ಮಿ.ಮೀ.ಯಿಂದ ಶುರುವಾಗಿ 30, 35, 40 ಮಿ.ಮೀ. ತನಕ ಇರುತ್ತವೆ. ಅಗಲದಲ್ಲಿ ಅಷ್ಟೇನೂ ಫರಕಿಲ್ಲ, ಅಲ್ವಾ? ಫರಕಿರುವುದು ಬೇರೆ ಕಡೆ. ಇಷ್ಟು ದಪ್ಪದ ಗುಂಡಿನ ಹೊಟ್ಟೆಯೊಳಗೇ ಸ್ಫೋಟಕ ತುಂಬಬಹುದು. ಗನ್ ತಾನೇ ತೋಟಾ ಎಳೆದುಕೊಂಡು, ತಾನೇ ಹೊಡೆದು, ತಾನೇ ಖಾಲಿ ಕೊಳವೆ ಹೊರಗೆ ಹಾಕುತ್ತದೆ. ಹಾಗಾಗಿ ಇದನ್ನು ಆಟೊಕ್ಯಾನನ್ ಅನ್ನುತ್ತಾರೆ. ಹಡಗಿನ ಮೈಮೇಲೆ ಬರುವ ಕ್ಷಿಪಣಿಯನ್ನು ಕೊನೇ ಗಳಿಗೆಯಲ್ಲಿ ಹೊಡೆಯಲು ರಾಡಾರ್ ಜೊತೆ ಜೋಡಿಸಿದ ಇಡೀ ವ್ಯವಸ್ಥೆಗೆ ಜಗತ್ತಿನ ನೌಕಾಪಡೆಗಳಲ್ಲಿ 'ಸೀವಿಜ್' ಎಂಬ ಅಡ್ಡಹೆಸರಿದೆ.

ಇನ್ನೊಂದು ಮಾತು. ನಮ್ಮಲ್ಲಿ ತೋಟ ಅಂದರೆ ಕಾಫಿ. ಇಲ್ಲಿ ತೋಟಾ ಅಂದರೆ ಮದ್ದು ತುಂಬಿದ ಕೊಳವೆ. ಓದುವಾಗ ದೀರ್ಘ ನೋಡಿಕೊಳ್ಳಿ.

ಹಡಗಿನಲ್ಲಿ ಅಷ್ಟೆಲ್ಲ ಕ್ಷಿಪಣಿ ಇಟ್ಟುಕೊಂಡು ಮತ್ತೆ ಈ ಗನ್ ಯಾಕೆ?

ಆನೆ ಕಾಟ ಇರುವ ಕಡೆ ತೋಟ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಕಂದಕ, ಆಮೇಲೆ ಸೋಲಾರ್ ಬೇಲಿ, ಆಮೇಲೆ ಕಾವಲುಗಾರ. ಇಷ್ಟೂ ದಾಟಿ ಆನೆ ಅಂಗಳಕ್ಕೆ ಬಂದರೆ ಕೈಯಲ್ಲಿ ಉಳಿಯುವುದು ಪಟಾಕಿ. ಹಡಗಿನಲ್ಲೂ ಹೀಗೇ. ದೂರಕ್ಕೆ ಬರಾಕ್-8 ತರಹದ ಕ್ಷಿಪಣಿ, ಅದು ಸುಮಾರು 70 ಕಿ.ಮೀ. ದೂರದಲ್ಲೇ ಹಿಡಿಯುತ್ತದೆ. ಆಮೇಲೆ ಎದುರಿನ ರಾಡಾರಿನ ಕಣ್ಣಿಗೆ ಮಣ್ಣೆರಚುವ ಉಪಾಯಗಳು. ಗಾಳಿಯಲ್ಲಿ ಲೋಹದ ಎಳೆಗಳನ್ನು ಚೆಲ್ಲಿ ಸುಳ್ಳು ಹಡಗು ತೋರಿಸುವ 'ಚಾಫ್' ಅಂಥದ್ದೊಂದು. ಇದನ್ನು ಆಟದ ಸಾಮಾನು ಅಂದುಕೊಳ್ಳಬೇಡಿ. 1973ರ ಅಕ್ಟೋಬರಿನಲ್ಲಿ ಸಿರಿಯಾದ ಲಟಾಕಿಯಾ ಬಂದರಿನ ಹತ್ತಿರ ನಡೆದ ಕಾಳಗದಲ್ಲಿ ಇಸ್ರೇಲಿನ ದೋಣಿಗಳು ಇದೇ ಉಪಾಯದಿಂದ ಎದುರಿಂದ ಬಂದ ಕ್ಷಿಪಣಿಗಳನ್ನೆಲ್ಲ ದಾರಿ ತಪ್ಪಿಸಿದವು.

ಎಲ್ಲ ತಪ್ಪಿಸಿಕೊಂಡು ಒಂದು ಬಂದೇ ಬಂತು ಅನ್ನಿ. ನಮ್ಮ ಕ್ಷಿಪಣಿ ಹಾರಿ, ಎದ್ದು, ತಿರುಗಿ, ಗುರಿ ಹಿಡಿಯಲು ಒಂದಷ್ಟು ಜಾಗ ಬೇಕು. ತೀರ ಹತ್ತಿರ ಬಂದದ್ದಕ್ಕೆ ಅದು ಆಗುವುದಿಲ್ಲ. ಗನ್ನಿಗೆ ಆ ತಾಪತ್ರಯವಿಲ್ಲ. ಮೂತಿ ತಿರುಗಿಸಿದರೆ ಆಯಿತು. ಅದಕ್ಕೇ ಇದು ಕೊನೆಯ ಕೋವಿ.

ಇಂಥದ್ದು ಬೇಕು ಅಂತ ಯಾರಿಗೆ, ಯಾವಾಗ ಅನ್ನಿಸಿತು?

1967ರ ಅಕ್ಟೋಬರ್ 21. ಈಜಿಪ್ಟಿನ ಸಣ್ಣ ದೋಣಿಗಳು ಬಂದರಿನೊಳಗಿಂದಲೇ ಸೋವಿಯತ್ ರಷ್ಯಾದ ಸ್ಟಿಕ್ಸ್ ಕ್ಷಿಪಣಿ ಹಾರಿಸಿ ಇಸ್ರೇಲಿನ 'ಐಲಾತ್' ಎಂಬ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಿದವು. 47 ಜನ ಹೋದರು. ಎರಡನೇ ಮಹಾಯುದ್ಧದ ಕಾಲದ ಹಡಗು, ಕೈಯಲ್ಲೇ ಗುರಿ ಇಡುವ ಹಳೆಯ ಗನ್ನುಗಳು. ಬರುತ್ತಿರುವುದು ಕಣ್ಣಿಗೆ ಕಂಡರೂ ಹೊಡೆದು ಬೀಳಿಸಲು ಆಗಲಿಲ್ಲ.

ನಾಲ್ಕು ವರ್ಷಕ್ಕೆ ಅದೇ ಸ್ಟಿಕ್ಸ್ ನಮ್ಮ ಕೈಯಲ್ಲಿತ್ತು. 1971ರ ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಕಡೆ ನುಗ್ಗಿದವು. ಪಾಕಿಸ್ತಾನದ 'ಖೈಬರ್' ಹಡಗಿನವರಿಗೆ ಕತ್ತಲಲ್ಲಿ ಒಂದು ಬೆಳಕು ಬರುವುದು ಕಾಣಿಸಿತು. ವಿಮಾನ ಅಂದುಕೊಂಡು ಬೋಫೋರ್ಸ್ ಗನ್ನುಗಳಿಂದ ಹೊಡೆದರು. ಬಂದದ್ದು ಕ್ಷಿಪಣಿ. ಖೈಬರ್ ಮುಳುಗಿತು. ಇವತ್ತಿಗೂ ಡಿಸೆಂಬರ್ 4 ನಮಗೆ ನೌಕಾಪಡೆ ದಿನ. ಆ ದಿನದ ಭಾಷಣಗಳಲ್ಲಿ ನಮ್ಮ ಗೆಲುವಿನ ಮಾತು ಬರುತ್ತದೆ, ಬರಬೇಕಾದ್ದೇ. ಗನ್ ಕೆಲಸ ಮಾಡಿದ ನನಗೆ ಮಾತ್ರ ಆ ಬೋಫೋರ್ಸ್ ಹಿಂದೆ ನಿಂತಿದ್ದವನೂ ನೆನಪಾಗುತ್ತಾನೆ. ಅವನು ಸುಮ್ನೆ ಕೂತಿರಲಿಲ್ಲ. ಕಂಡದ್ದಕ್ಕೆ ಹೊಡೆದ. ಅವನ ಗನ್ನಿಗೆ ಅದನ್ನು ಹಿಡಿಯುವ ಕಣ್ಣಿರಲಿಲ್ಲ, ಅಷ್ಟೇ.

1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ 'ಶೆಫೀಲ್ಡ್' ಹಡಗಿಗೆ ಎಕ್ಸೊಸೆಟ್ ಎಂಬ ಕ್ಷಿಪಣಿ ಬಡಿದು 20 ಜನ ಸತ್ತರು. ಆ ಹೊತ್ತಿಗೆ ಕ್ಷಿಪಣಿ ಹೊಡೆಯಲೆಂದೇ ಮಾಡಿದ ಆರು ನಳಿಗೆಯ ಗನ್ನುಗಳು ಬಂದಿದ್ದವು. ರಷ್ಯದವರ ಎಕೆ-630 ಇತ್ತು, 1980ರಲ್ಲಿ ಅಮೆರಿಕದ ಫ್ಯಾಲಾಂಕ್ಸ್ ಕೂಡ ಬಂದಿತ್ತು. ಬ್ರಿಟಿಷರ ಹಡಗುಗಳಲ್ಲಿ ಇರಲಿಲ್ಲ. ಏಟು ತಿಂದ ಮೇಲೆ ಫ್ಯಾಲಾಂಕ್ಸ್ ತರಿಸಿದರು, ಡಚ್ಚರ ಗೋಲ್‌ಕೀಪರ್ ಕೂಡ ತಂದರು.

ಆರು ನಳಿಗೆ ಯಾಕೆ? ಒಟ್ಟಿಗೆ ಆರು ಗುಂಡು ಹೋಗುತ್ತದಾ?

ಇಲ್ಲ. ಇದು ಜೋಡು ನಳಿಗೆ ಕೋವಿಯ ಲೆಕ್ಕ ಅಲ್ಲ. ಆರು ನಳಿಗೆಗಳ ಕಟ್ಟು ಗರಗರ ತಿರುಗುತ್ತಿರುತ್ತದೆ. ತನ್ನ ಜಾಗಕ್ಕೆ ಬಂದ ನಳಿಗೆ ಹೊಡೆಯುತ್ತದೆ. ಅದೇ ಹೊತ್ತಿಗೆ ಪಕ್ಕದ್ದು ತೋಟಾ ತುಂಬಿಕೊಳ್ಳುತ್ತಿರುತ್ತದೆ, ಇನ್ನೊಂದು ಖಾಲಿ ಮಾಡುತ್ತಿರುತ್ತದೆ. ಅಮೆರಿಕದ ರಿಚರ್ಡ್ ಗ್ಯಾಟ್ಲಿಂಗ್ 1862ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆಗ ಹ್ಯಾಂಡಲ್ ಹಿಡಿದು ಕೈಯಲ್ಲಿ ತಿರುಗಿಸಬೇಕಿತ್ತು. ಫ್ಯಾಲಾಂಕ್ಸಿನಂಥವು ಹೊರಗಿನ ಶಕ್ತಿಯಿಂದ ತಿರುಗುತ್ತವೆ. ಎಕೆ-630 ತನ್ನದೇ ಮದ್ದಿನ ಗಾಳಿಯಿಂದ ತಿರುಗುತ್ತದೆ.

ಒಂದೇ ನಳಿಗೆಯಿಂದ ಅಷ್ಟು ಗುಂಡು ಹೊಡೆದರೆ ನಳಿಗೆ ಕೆಂಪಗೆ ಕಾಯುತ್ತದೆ. ಆರಕ್ಕೆ ಹಂಚಿದರೆ ಪ್ರತಿಯೊಂದಕ್ಕೂ ಉಸಿರಾಡಲು ಸಮಯ ಸಿಗುತ್ತದೆ. ಎಕೆ-630ರ ನಳಿಗೆಗಳ ಮೇಲೆ ಉರುಟಾದ ಒಂದು ಕವಚ ಇರುತ್ತದೆ, ಅದರೊಳಗೆ ನೀರು ಹರಿದು ತಣ್ಣಗೆ ಮಾಡುತ್ತದೆ. ದೂರದಿಂದ ನೋಡಿದವರು ಒಂದೇ ದಪ್ಪ ನಳಿಗೆ ಅಂದುಕೊಳ್ಳುವುದು ಅದಕ್ಕೇ.

ನಿಮಿಷಕ್ಕೆ ಐದು ಸಾವಿರ ಗುಂಡು ಅನ್ನುವುದು ನಿಜವಾ?

ನಿಜ. ಎಕೆ-630 ನಿಮಿಷಕ್ಕೆ 4,000ದಿಂದ 5,000. ಫ್ಯಾಲಾಂಕ್ಸ್ 4,500. ಆದರೆ ಒಂದಿಡೀ ನಿಮಿಷ ಯಾವುದೂ ಹೊಡೆಯುವುದಿಲ್ಲ, ಹೊಡೆಯುವಷ್ಟು ಗುಂಡೂ ಇರುವುದಿಲ್ಲ. ಎಕೆ-630ರ ಬೆಲ್ಟಿನಲ್ಲಿ 2,000, ಫ್ಯಾಲಾಂಕ್ಸ್ ಡ್ರಮ್ಮಿನಲ್ಲಿ 1,550. ನೀವೇ ಲೆಕ್ಕ ಹಾಕಿ. ಬಿಡದೆ ಹೊಡೆದರೆ ಅರ್ಧ ನಿಮಿಷದೊಳಗೆ ಎಲ್ಲ ಖಾಲಿ. ಅದಕ್ಕೇ ಹೊಡೆಯುವುದು ತುಂಡು ತುಂಡಾಗಿ. ಒಂದೆರಡು ಸೆಕೆಂಡು ಹೊಡಿ, ನಿಲ್ಲಿಸು, ನೋಡು, ಮತ್ತೆ ಹೊಡಿ.

ಈ ವೇಗ ನೋಡಿದವರು ಮರೆಯುವುದು ತುಂಬುವವನನ್ನು. 30 ಮಿ.ಮೀ. ತೋಟಾ ಒಂದೊಂದೂ ಒಂದು ಅಡಿಗೆ ಸ್ವಲ್ಪ ಕಮ್ಮಿ ಉದ್ದ, ಮುಕ್ಕಾಲು ಕಿಲೋಗಿಂತ ಜಾಸ್ತಿ ತೂಕ. ಎರಡು ಸಾವಿರ ಅಂದರೆ ಒಂದೂವರೆ ಟನ್ ದಾಟಿತು. ಐವತ್ತು ಕೆಜಿಯ ಕಾಫಿ ಮೂಟೆ ಮೂವತ್ತಕ್ಕೂ ಜಾಸ್ತಿ! ಅಷ್ಟನ್ನೂ ಇಕ್ಕಟ್ಟಾದ ಉಕ್ಕಿನ ಕೋಣೆಯಲ್ಲಿ, ಹಡಗು ಅಲುಗಾಡುತ್ತಿರುವಾಗ, ಕೊಂಡಿಗೆ ಕೊಂಡಿ ಸರಿಯಾಗಿ ಕೂತಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡುತ್ತಾ ತುಂಬಬೇಕು. ಒಂದು ಕೊಂಡಿ ಓರೆಯಾದರೆ ಗನ್ ಕಚ್ಚಿಕೊಳ್ಳುತ್ತದೆ. ಆ ದಿನ ರಾತ್ರಿ ಬೆರಳ ತುದಿಗಳಲ್ಲಿ ಗ್ರೀಸಿನ ವಾಸನೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಊಟಕ್ಕೂ ಅದೇ ವಾಸನೆ.

ಕ್ಷಿಪಣಿ ಕಂಡ ಮೇಲೆ ಎಷ್ಟು ಸಮಯ ಸಿಗುತ್ತದೆ?

ಇದೇ ಇಡೀ ವಿಷಯದ ಜೀವಾಳ. ಗನ್ನಿನ ವೇಗ ಕೇಳುವವರು ನೂರು ಜನ, ಇದನ್ನು ಕೇಳುವವನು ಒಬ್ಬ.

ರಾಜಾಸೀಟಿನಲ್ಲಿ ನಿಂತರೆ ಎಷ್ಟು ದೂರದ ಬೆಟ್ಟ ಕಾಣುತ್ತದೆ! ಕೆಳಗೆ ಗದ್ದೆಗೆ ಇಳಿದು ನಿಂತರೆ ಪಕ್ಕದ ಏರಿಯೇ ಗೋಡೆ. ಸಮುದ್ರದಲ್ಲಿ ಬೆಟ್ಟ ಇಲ್ಲ, ಆದರೆ ಭೂಮಿ ಉರುಟು. ಹಡಗಿನ ರಾಡಾರ್ 20 ಮೀಟರ್ ಎತ್ತರದಲ್ಲಿದ್ದು, ಕ್ಷಿಪಣಿ ನೀರಿಗೆ ಐದೇ ಮೀಟರ್ ಮೇಲೆ ತೇಲಿಕೊಂಡಂತೆ ಬಂದರೆ, ಸುಮಾರು 27 ಕಿ.ಮೀ. ಹತ್ತಿರ ಬರುವ ತನಕ ಅದು ಭೂಮಿಯ ಬೆನ್ನಿನ ಹಿಂದೆಯೇ ಇರುತ್ತದೆ. ಎಕ್ಸೊಸೆಟ್ ತರಹದ್ದು ಸೆಕೆಂಡಿಗೆ 300 ಮೀಟರ್ ಚಿಲ್ಲರೆ ಹೋಗುತ್ತದೆ. ಅಂದರೆ ಕಂಡಲ್ಲಿಂದ ಬಡಿಯುವ ತನಕ ಒಂದೂವರೆ ನಿಮಿಷ. ಅದು ಎಲ್ಲ ಸರಿಯಿದ್ದರೆ. ಅಲೆಗಳ ಗಲಾಟೆಯಲ್ಲಿ ರಾಡಾರಿಗೆ ಅದು ತಡವಾಗಿ ಕಾಣಬಹುದು. ಬ್ರಹ್ಮೋಸ್ ತರಹ ಶಬ್ದದ ಎರಡೂಮುಕ್ಕಾಲು ಪಟ್ಟು ವೇಗದ್ದಾದರೆ ಅದೇ ದೂರಕ್ಕೆ ಅರ್ಧ ನಿಮಿಷ ಸಾಕು.

ಇಷ್ಟರಲ್ಲಿ ಗನ್ನಿನ ಪಾಲಿಗೆ ಬರುವುದೆಷ್ಟು? ಎಕೆ-630ರ ಗುಂಡು 4 ಕಿ.ಮೀ. ತನಕ ಮುಟ್ಟುತ್ತದೆ ಅನ್ನುತ್ತಾರೆ. ಗುರಿಗೆ ನಾಟುತ್ತದೆ ಅಂತ ನಂಬಬಹುದಾದ್ದು ಕೊನೆಯ ಒಂದೆರಡು ಕಿ.ಮೀ.ನಲ್ಲಿ. ಎರಡು ಕಿ.ಮೀ. ಅಂದರೆ ನಿಧಾನದ ಕ್ಷಿಪಣಿಗೆ ಆರೇಳು ಸೆಕೆಂಡು, ಜೋರಿನದ್ದಕ್ಕೆ ಎರಡು. ನೀವು ಈ ಸಾಲು ಓದುವಷ್ಟರಲ್ಲಿ ಮುಗಿಯಿತು.

ಅಷ್ಟರಲ್ಲಿ ಗುರಿ ಇಡುವವರು ಯಾರು?

ಮನುಷ್ಯ ಅಲ್ಲ. ರಾಡಾರ್ ಮತ್ತು ಕಂಪ್ಯೂಟರ್.

ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿದ್ದೀರಲ್ಲ. ಹೊಡೆಯುವವನ ಹಿಂದೆ ಒಬ್ಬ ಹಿರಿಯರು ನಿಂತಿರುತ್ತಾರೆ. ಗುಂಡು ಎಲ್ಲಿ ಹೋಯಿತು ಅಂತ ಅವರ ಕಣ್ಣಿಗೆ ಗೊತ್ತಾಗುತ್ತದೆ. "ಕಾಯಿಯ ಬಲಕ್ಕೆ ಹೋಯ್ತು, ಒಂದು ಕೂದಲು ಎಡಕ್ಕೆ ತಗೋ." ಫ್ಯಾಲಾಂಕ್ಸ್ ಮಾಡುವುದು ಇದನ್ನೇ. ಅದರ ರಾಡಾರ್ ಬರುತ್ತಿರುವ ಕ್ಷಿಪಣಿಯನ್ನೂ ನೋಡುತ್ತದೆ, ತಾನೇ ಹೊಡೆದ ಗುಂಡುಗಳ ಸಾಲನ್ನೂ ನೋಡುತ್ತದೆ. ಎರಡರ ನಡುವಿನ ಅಂತರ ಅಳೆದು ಮೂತಿ ಸರಿಸುತ್ತಲೇ ಹೊಡೆಯುತ್ತದೆ. ಹಿರಿಯರು ಮತ್ತು ಹುಡುಗ ಎರಡೂ ಅದೇ. ರಾಡಾರ್, ಗನ್, ಗುಂಡು ಎಲ್ಲ ಒಂದೇ ಪೀಠದ ಮೇಲೆ ಇರುತ್ತವೆ. ಮೇಲೆ ಬಿಳಿ ಗುಮ್ಮಟ ಇರುವುದರಿಂದ ಅಮೆರಿಕದ ನಾವಿಕರು ಅದನ್ನು ಸಿನಿಮಾದ ರೋಬೊಟಿನ ಹೆಸರಿಟ್ಟು ಕರೆಯುತ್ತಾರೆ.

ಎಕೆ-630ರ ರಾಡಾರ್ ಗನ್ನಿನ ಮೇಲಿಲ್ಲ. ಬೇರೆ ಕಡೆ ಎತ್ತರದಲ್ಲಿ ಕೂತು ಗನ್ನುಗಳಿಗೆ ಅಪ್ಪಣೆ ಕೊಡುತ್ತದೆ. ಒಂದೇ ಕಣ್ಣಿಂದ ಎರಡು ಗನ್ ನಡೆಸಬಹುದು, ಅದು ಲಾಭ. ಕಣ್ಣು ಮತ್ತು ಕೈ ಬೇರೆ ಬೇರೆ ಜಾಗದಲ್ಲಿರುವುದರಿಂದ ಎರಡರ ನಡುವಿನ ಅಳತೆ ಕೂದಲೆಳೆ ತಪ್ಪದಂತೆ ನೋಡಿಕೊಳ್ಳಬೇಕು, ಅದು ತಲೆನೋವು.

ಒಂದು ವಿಷಯದಲ್ಲಿ ಮಾತ್ರ ಹಡಗಿನವನು ಅದೃಷ್ಟವಂತ. ಅಡ್ಡ ಹಾರುವ ಹಕ್ಕಿಗೆ ಎಷ್ಟು ಮುಂದೆ ಗುರಿ ಇಡಬೇಕು ಅನ್ನುವುದೇ ಕಷ್ಟ. ಕ್ಷಿಪಣಿ ನೇರ ನಿಮ್ಮ ಮೇಲೆಯೇ ಬರುತ್ತಿರುತ್ತದೆ. ಗುರಿ ಸುಲಭ, ಸಮಯ ಇಲ್ಲ.

ಹೊಡೆದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಹಡಗಿಗೆ ಮುನ್ನೂರು ಮೀಟರ್ ಹತ್ತಿರದಲ್ಲಿ ಕ್ಷಿಪಣಿ ಚೂರಾದರೂ ಚೂರುಗಳು ಅದೇ ವೇಗದಲ್ಲಿ ಮುಂದೆ ಬರುತ್ತವೆ. ಉರಿಯುವ ಇಂಧನವೂ ಬರುತ್ತದೆ. ಆದ್ದರಿಂದ ಬರೀ ತೂತು ಮಾಡಿದರೆ ಸಾಲದು. ಆದಷ್ಟು ದೂರದಲ್ಲಿ ಅದರ ಸಿಡಿತಲೆಯೇ ಸಿಡಿಯಬೇಕು, ಇಲ್ಲವೇ ರೆಕ್ಕೆ ಮುರಿದು ನೀರಿಗೆ ಬೀಳಬೇಕು. ಫ್ಯಾಲಾಂಕ್ಸ್ ಟಂಗ್‌ಸ್ಟನ್‌ನ ಗಟ್ಟಿ ಗುಂಡಿನಿಂದ ಸಿಡಿತಲೆಯನ್ನೇ ಚುಚ್ಚಲು ನೋಡುತ್ತದೆ. ಎಕೆ-630 ಸ್ಫೋಟಕ ತುಂಬಿದ ದೊಡ್ಡ ಗುಂಡಿನಿಂದ ಹರಿದು ಹಾಕುತ್ತದೆ. ಒರ್ಲಿಕಾನ್ ಕಂಪನಿಯ 35 ಮಿ.ಮೀ. ಗುಂಡಿನದು ಮೂರನೇ ದಾರಿ. ಗುರಿಯ ಸ್ವಲ್ಪ ಮುಂದೆ ಗಾಳಿಯಲ್ಲೇ ಬಿರಿದು 152 ಟಂಗ್‌ಸ್ಟನ್ ಚೂರುಗಳನ್ನು ಎರಚುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮೊದಲೆರಡು ಗುಂಡಿನ ಕೋವಿ, ಇದು ಚರೆ ಕೋವಿ. ನನ್ನನ್ನು ಕೇಳಿದರೆ ಮುಂದಿನ ಕಾಲ ಚರೆಯದ್ದೇ. ಅದಕ್ಕೆ ನಿಮಿಷಕ್ಕೆ ಸಾವಿರ ಗುಂಡು ಹೊಡೆದರೂ ಸಾಕಾಗುತ್ತದೆ.

ಎಲ್ಲ ಯಂತ್ರವೇ ಮಾಡಿದರೆ ನಿಮಗೇನು ಕೆಲಸ ಇತ್ತು?

ನಮ್ಮ ಅತ್ತಿಗೆ ಪ್ರತಿ ವರ್ಷ ಕೇಳುವ ಪ್ರಶ್ನೆ. ತುಂಬುವುದು, ಉಜ್ಜುವುದು, ಅಳತೆ ನೋಡುವುದು ಒಂದು ಕಡೆ. ಅದಕ್ಕಿಂತ ದೊಡ್ಡದು ಯಂತ್ರಕ್ಕೆ ಯಾವಾಗ ಬಿಟ್ಟುಕೊಡಬೇಕು, ಯಾವಾಗ ಹಿಡಿದುಕೊಳ್ಳಬೇಕು ಅನ್ನುವುದು.

ಹಿಡಿದುಕೊಂಡರೆ ಏನಾಗುತ್ತದೆ? 1987ರ ಮೇ 17ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ 'ಸ್ಟಾರ್ಕ್' ಹಡಗಿಗೆ ಇರಾಕಿನ ವಿಮಾನದಿಂದ ಎರಡು ಎಕ್ಸೊಸೆಟ್ ಬಡಿದವು. 37 ನಾವಿಕರು ಸತ್ತರು. ಹಡಗಿನಲ್ಲಿ ಫ್ಯಾಲಾಂಕ್ಸ್ ಇತ್ತು. ತಾನಾಗಿ ಹೊಡೆಯುವ ಸ್ಥಿತಿಗೆ ಅದನ್ನು ಹಾಕಿರಲಿಲ್ಲ. ಒಂದು ಗುಂಡೂ ಹಾರಲಿಲ್ಲ.

ಬಿಟ್ಟುಕೊಟ್ಟರೆ? 1989ರಲ್ಲಿ ಅಮೆರಿಕದವರ ಅಭ್ಯಾಸದಲ್ಲೇ 'ಎಲ್ ಪಾಸೊ' ಹಡಗಿನ ಫ್ಯಾಲಾಂಕ್ಸ್ ಒಂದು ಗುರಿ ಡ್ರೋನನ್ನು ಹೊಡೆಯಿತು. ಡ್ರೋನ್ ನೀರಿಗೆ ಬೀಳುತ್ತಿದ್ದಂತೆ ಮತ್ತೆ ಅದರ ಹಿಂದೆ ಬಿತ್ತು. ಆ ಗುಂಡುಗಳು ಪಕ್ಕದ 'ಇವೊ ಜಿಮಾ' ಹಡಗಿಗೆ ಹೊಕ್ಕು ಒಬ್ಬ ಅಧಿಕಾರಿ ಸತ್ತರು. 1996ರಲ್ಲಿ ಜಪಾನಿನ 'ಯೂಗಿರಿ' ಹಡಗಿನ ಗನ್ ಗುರಿಯನ್ನು ಬಿಟ್ಟು ಗುರಿ ಎಳೆದುಕೊಂಡು ಹೋಗುತ್ತಿದ್ದ ಅಮೆರಿಕದ ವಿಮಾನವನ್ನೇ ಕೆಡವಿತು. ಅದರಲ್ಲಿದ್ದ ಇಬ್ಬರೂ ಹೊರಗೆ ಹಾರಿ ಬದುಕಿದರು.

ಗೊತ್ತಾಯಿತಾ ಅತ್ತಿಗೆ, ನಮಗೆ ಸಂಬಳ ಕೊಡುತ್ತಿದ್ದದ್ದು ಆ ಒಂದು ಸ್ವಿಚ್ಚಿಗೆ.

ತಪ್ಪಿದ ಗುಂಡುಗಳೆಲ್ಲ ಎಲ್ಲಿ ಹೋಗುತ್ತವೆ?

ಸಮುದ್ರಕ್ಕೆ. ಫ್ಯಾಲಾಂಕ್ಸನ್ನು ನೆಲದ ಮೇಲೆ ಇಟ್ಟಾಗ ಗಾಳಿಯಲ್ಲೇ ತಾನಾಗಿ ಸಿಡಿದು ಹೋಗುವ ಬೇರೆ ಗುಂಡು ಹಾಕುತ್ತಾರೆ. ಇಲ್ಲದಿದ್ದರೆ ಊರ ಮೇಲೆ ಬೀಳುತ್ತವೆ.

ಶಬ್ದ ಹೇಗಿರುತ್ತದೆ?

ಢಂ ಢಂ ಅಲ್ಲ. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಬಿಡುವೇ ಕಿವಿಗೆ ಸಿಗುವುದಿಲ್ಲ. ಕಾಫಿ ಕಣದ ಟಾರ್ಪಾಲನ್ನು ಯಾರೋ ಒಂದೇ ಎಳೆತಕ್ಕೆ ಪರ್ರೆಂದು ಹರಿದ ಹಾಗೆ, ಅದನ್ನು ನೂರು ಪಟ್ಟು ಮಾಡಿ. ಶಬ್ದಕ್ಕಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ, ಡೆಕ್ಕಿನ ಉಕ್ಕು ನಡುಗುತ್ತದೆ.

ನಮ್ಮ ದೇಶದಲ್ಲಿ ಯಾವುದಿದೆ? ಇಲ್ಲೇ ಮಾಡುತ್ತಾರಾ?

ದೊಡ್ಡ ಹಡಗುಗಳಲ್ಲಿ ಜಾಸ್ತಿ ಕಾಣುವುದು ಎಕೆ-630. ಕೋಲ್ಕತಾ, ವಿಶಾಖಪಟ್ಟಣಂ ವರ್ಗದ ಹಡಗುಗಳಲ್ಲಿ ನಾಲ್ಕು ನಾಲ್ಕು ಇವೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತ್‌ನಲ್ಲೂ ಇವೆ. ತಲ್ವಾರ್, ತ್ರಿಶೂಲ್, ತಬರ್ ಹಡಗುಗಳಲ್ಲಿ ಕಶ್ತಾನ್ ಎಂಬ ರಷ್ಯದ ಇನ್ನೊಂದು ವ್ಯವಸ್ಥೆ ಬಂತು. ಎರಡು ಗನ್ನು, ಜೊತೆಗೆ ಸಣ್ಣ ಕ್ಷಿಪಣಿಗಳು, ಎಲ್ಲ ಒಂದೇ ಪೀಠದಲ್ಲಿ.

ಗಸ್ತು ಹಡಗುಗಳಲ್ಲಿ, ಕೋಸ್ಟ್ ಗಾರ್ಡ್ ಹಡಗುಗಳಲ್ಲಿ ಸಿಆರ್‌ಎನ್-91 ಇರುತ್ತದೆ. ಇದು ಒಂಟಿ ನಳಿಗೆಯದು, ನಿಮಿಷಕ್ಕೆ ಐನೂರೈವತ್ತರ ಸುತ್ತ. ಕ್ಷಿಪಣಿ ಹೊಡೆಯಲಿಕ್ಕಲ್ಲ. ಕಳ್ಳಸಾಗಣೆ ದೋಣಿ ನಿಲ್ಲಿಸಲು ಧಾರಾಳ ಸಾಕು. ಮೆಕನೈಸ್ಡ್ ಇನ್‌ಫೆಂಟ್ರಿಯಲ್ಲಿದ್ದ ನಮ್ಮ ಊರಿನ ಸುಬೇದಾರರು ಅದರ ಫೋಟೊ ನೋಡಿ "ಇದು ನಮ್ಮ ಬಿಎಂಪಿ ಗಾಡಿದಲ್ವಾ?" ಅಂದರು. ಸರಿಯಾಗೇ ಅಂದರು. ಬಿಎಂಪಿ ಅಂದರೆ ಸೈನಿಕರನ್ನು ಹೊತ್ತೊಯ್ಯುವ ಉಕ್ಕಿನ ಕವಚದ ಗಾಡಿ. ತೆಲಂಗಾಣದ ಮೇದಕ್ ಕಾರ್ಖಾನೆಯಲ್ಲಿ ಅದಕ್ಕೆ ಹಾಕುವ ಗನ್ನನ್ನೇ ಹಡಗಿಗೆ ಒಗ್ಗಿಸಿದ್ದು.

ಕಣ್ಣಿನ ಭಾಗ ನಮ್ಮ ಬೆಂಗಳೂರಿನದು. ಬಿಇಎಲ್‌ನವರ ಲಿಂಕ್ಸ್-ಯು2 ಎಂಬ ವ್ಯವಸ್ಥೆ ಗುರಿ ಹಿಡಿದು ಗನ್ನುಗಳಿಗೆ ಅಪ್ಪಣೆ ಕೊಡುತ್ತದೆ. 2023ರ ಮಾರ್ಚ್‌ನಲ್ಲಿ ಇಂಥ 13 ವ್ಯವಸ್ಥೆಗಳಿಗೆ ರಕ್ಷಣಾ ಸಚಿವಾಲಯ 1,700 ಕೋಟಿ ರೂಪಾಯಿಗೂ ಮೇಲಿನ ಒಪ್ಪಂದ ಮಾಡಿಕೊಂಡಿತು.

ಈಗ ಡ್ರೋನ್ ಕಾಲ. ಇನ್ನು ಈ ಗನ್ ಮೂಲೆಗೆ ಅಲ್ವಾ?

ಉಲ್ಟಾ. ಡ್ರೋನ್ ಬಂದ ಮೇಲೆಯೇ ಇದರ ಬೆಲೆ ಏರಿದ್ದು. ಅಗ್ಗದ ಡ್ರೋನಿಗೆ ಕೋಟಿ ಕೋಟಿಯ ಕ್ಷಿಪಣಿ ಹೊಡೆದರೆ ಗೆದ್ದವರು ಯಾರು? ಗನ್ನಿನ ಗುಂಡು ಆ ಲೆಕ್ಕಕ್ಕೆ ಚಿಲ್ಲರೆ. ಕ್ಷಿಪಣಿಗೂ ಇದರ ಕೆಲಸ ಮುಗಿದಿಲ್ಲ. 2024ರ ಜನವರಿ 30ರಂದು ಕೆಂಪು ಸಮುದ್ರದಲ್ಲಿ ಯೆಮನ್ನಿನ ಹೌತಿ ಬಂಡುಕೋರರು ಬಿಟ್ಟ ಒಂದು ಕ್ಷಿಪಣಿ ಅಮೆರಿಕದ 'ಗ್ರೇವ್ಲಿ' ಹಡಗಿಗೆ ಸುಮಾರು ಒಂದು ಮೈಲಿ ಹತ್ತಿರ ಬಂದಿತ್ತು. ಕೆಡವಿದ್ದು ಫ್ಯಾಲಾಂಕ್ಸ್.

ಹಾಗಂತ ಇದಿದ್ದರೆ ಭಯವಿಲ್ಲ ಅನ್ನಲಾರೆ. 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ಮುಳುಗಿದ ರಷ್ಯದ 'ಮಾಸ್ಕ್ವಾ' ಹಡಗಿನಲ್ಲಿ ಒಂದಲ್ಲ, ಆರು ಎಕೆ-630 ಇದ್ದವು.

ಲೇಸರ್ ಬಗ್ಗೆಯೂ ಕೇಳುತ್ತಾರೆ. 2025ರ ಏಪ್ರಿಲ್‌ನಲ್ಲಿ ಡಿಆರ್‌ಡಿಒ ಕರ್ನೂಲಿನಲ್ಲಿ 30 ಕಿಲೋವಾಟ್ ಲೇಸರಿನಿಂದ ಡ್ರೋನ್ ಕೆಡವಿ ತೋರಿಸಿತು. ಒಳ್ಳೆಯದೇ. ಜುಲೈ ತಿಂಗಳ ಮಡಿಕೇರಿಯ ಮಂಜಿನಲ್ಲಿ ಟಾರ್ಚ್ ಬಿಟ್ಟು ನೋಡಿದವರಿಗೆ ಬೆಳಕಿನ ಕಷ್ಟ ಗೊತ್ತು. ಗುಂಡಿಗೆ ಮಂಜು ಲೆಕ್ಕಕ್ಕಿಲ್ಲ.

ಮಕ್ಕಳಿಗೆ ತೋರಿಸಬೇಕು, ಎಲ್ಲಿ ಸಿಗುತ್ತದೆ?

ಕಾರವಾರಕ್ಕೆ ಹೋಗಿ. ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ 'ಚಪಲ್' ಎಂಬ ಹಳೆಯ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. ಕರಾಚಿಗೆ ಹೋದವುಗಳ ಬಳಗದ್ದು, ಅವಕ್ಕಿಂತ ಸ್ವಲ್ಪ ಹೊಸದು. ಆ ಜಾತಿಯ ದೋಣಿಗಳಿಗೆ ಹಾಕುತ್ತಿದ್ದದ್ದು ಜೋಡು ನಳಿಗೆಯ ಎಕೆ-230. ಎಕೆ-630ರ ಅಣ್ಣ ಅನ್ನಿ. ಅಣ್ಣನಿಗೆ ಎರಡು ನಳಿಗೆ, ತಮ್ಮನಿಗೆ ಆರು.

ನಮ್ಮ ಹುಡುಗನಿಗೆ ಈ ಕೆಲಸ ಸಿಗುತ್ತದಾ?

ಸಿಗುತ್ತದೆ. ನಾವಿಕರ ಮೊದಲ ತರಬೇತಿ ಒಡಿಶಾದ ಚಿಲ್ಕಾದಲ್ಲಿ. ಗನ್ನಿನ ವಿದ್ಯೆ ಫೋರ್ಟ್ ಕೊಚ್ಚಿಯ ಐಎನ್‌ಎಸ್ ದ್ರೋಣಾಚಾರ್ಯದಲ್ಲಿ. ಕೋವಿ ಹಿಡಿದ ಕೈ ಅನ್ನುವ ಜಂಬ ಮನೆಯಲ್ಲೇ ಬಿಟ್ಟು ಹೋಗಲಿ. ಅಲ್ಲಿ ಗಣಿತ, ಕರೆಂಟು, ಹೈಡ್ರಾಲಿಕ್ಸ್ ಬಂದವನಿಗೆ ಬೆಲೆ. ಈಜು ಕಲಿತಿರಲಿ. ನಮ್ಮ ಕಡೆ ಹುಡುಗರು ಕಾವೇರಿ ದಂಡೆಯಲ್ಲೇ ಬೆಳೆದರೂ ಈಜು ಬರುವುದಿಲ್ಲ, ಅದೊಂದು ಆಶ್ಚರ್ಯ.

ಕೈಲ್ ಮುಹೂರ್ತಕ್ಕೆ ಹಡಗಿನ ಗನ್ನಿಗೂ ಹೂ ಇಡುತ್ತಿದ್ದಿರಾ?

ಸೆಪ್ಟೆಂಬರಿನ ನಮ್ಮ ಈ ಆಯುಧ ಪೂಜೆಗೆ ಮನೆಯಲ್ಲಿ ಕೋವಿಗಳನ್ನು ಒರೆಸಿ ಸಾಲಾಗಿಟ್ಟು ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುವಾಗ ನಾನು ಎಷ್ಟೋ ವರ್ಷ ಸಮುದ್ರದಲ್ಲೇ ಇದ್ದೆ. ಹೂ ಎಲ್ಲಿಂದ ಬರಬೇಕು? ಒರೆಸುವುದು ಮಾತ್ರ ದಿನಾ ಇತ್ತು. ಮಳೆಗಾಲದ ಕೊಡಗಿನಲ್ಲಿ ಕೋವಿ ಒಂದು ವಾರ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಡಗಿನಲ್ಲಿ ಒಂದೇ ರಾತ್ರಿ ಸಾಕು. ಬೆಳಿಗ್ಗೆ ಮುಟ್ಟಿದರೆ ಉಕ್ಕಿನ ಮೇಲೆ ಉಪ್ಪು ಕೈಗೆ ತರಿತರಿಯಾಗಿ ಹತ್ತುತ್ತದೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ, ಮೂತಿಗೆ ಕವರ್ ಹಾಕಬೇಕು. ಒಂದು ವರ್ಷ ಸೆಪ್ಟೆಂಬರ್ 3ಕ್ಕೆ ನಾನು ಆ ಕವರಿನ ದಾರಕ್ಕೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿದ್ದೆ. ಸಂಜೆ ಸಾಹೇಬರು ಬಂದು ಇದೇನು ಅಂತ ಕೇಳಿದರು. ಹೇಳಿದೆ. ಬಿಚ್ಚಲು ಹೇಳಿದರು, ನಾಳೆ ಬೆಳಿಗ್ಗೆ ಅಂದರು.